ಹಿಂದಿನ ಸಾಲಿನ ಓದುಗರಿಗೆ

ಪ್ರೀತಿಯ ಓದುಗರೆ,

ನಿಮ್ಮಲ್ಲಿ ಹೆಚ್ಚಿನವರ ಹೆಸರು ನನಗೆ ತಿಳಿಯದು. ಆದರೂ ಸಭಾಂಗಣದಲ್ಲಿ ನಿಮ್ಮನ್ನು ಗುರುತು ಹಿಡಿಯುವುದು ಕಷ್ಟವಲ್ಲ. ಆಮಂತ್ರಣ ಪತ್ರಿಕೆಯಲ್ಲಿ ‘ಲೇಖಕರೊಂದಿಗೆ ಸಂವಾದ’ ಎಂದಿದ್ದರೆ ನೀವು ಬಂದೇ ಬರುತ್ತೀರಿ. ಮುಂದಿನ ಸಾಲುಗಳನ್ನು ಗಣ್ಯರಿಗೆಂದು ಬಿಟ್ಟು ಬಾಗಿಲ ಹತ್ತಿರದ ಕುರ್ಚಿ ಹಿಡಿಯುತ್ತೀರಿ. ಊರಿಗೆ ಹೋಗುವ ಕೊನೆಯ ಬಸ್ಸಿನ ಯೋಚನೆಯೂ ಅದರಲ್ಲಿ ಸೇರಿರುತ್ತದೆ. ನಿಮ್ಮ ಕೈಚೀಲದಲ್ಲಿ ಅಂದು ಚರ್ಚೆಗೆ ಬರಬೇಕಾದ ಪುಸ್ತಕ ಇರುತ್ತದೆ. ಅದರ ನಡುನಡುವೆ ಬಸ್ ಟಿಕೆಟ್ಟನ್ನೋ ಕ್ಯಾಲೆಂಡರಿನ ಹರಿದ ಹಾಳೆಯನ್ನೋ ಗುರುತಿಗೆಂದು ಇಟ್ಟಿರುತ್ತೀರಿ. ಪ್ರಶ್ನೆ ಕೇಳುವ ಹೊತ್ತು ಬಂದಾಗ ಮೈಕು ಮೊದಲ ಎರಡು ಸಾಲುಗಳಲ್ಲೇ ಸುತ್ತಾಡಿ ವೇದಿಕೆಗೆ ವಾಪಸಾಗುತ್ತದೆ. ನೀವು ಕೈ ಎತ್ತುವುದಿಲ್ಲ. ಹೊರಗೆ ಚಹಾ ಕುಡಿಯುವಾಗ ಪಕ್ಕದವರಿಗೆ ಹೇಳುತ್ತೀರಿ: ‘ಆ ಹುಡುಗಿ ಕಡೆಗೆ ಗಂಡನ ಮನೆಗೇ ವಾಪಸು ಹೋಗುವ ಹಾಗೆ ಬರೆದದ್ದು ಯಾಕೋ ನನಗೆ ಒಪ್ಪಿಗೆಯಾಗಲಿಲ್ಲ ನೋಡಿ.’

ಆ ಮಾತನ್ನು ಒಳಗೆ, ಲೇಖಕರ ಎದುರಿಗೆ ಆಡಬೇಕಿತ್ತು. ಇದನ್ನು ಹೇಳಲಿಕ್ಕೇ ಈ ಪತ್ರ ಬರೆಯುತ್ತಿದ್ದೇನೆ. ನೀವು ಸುಮ್ಮನಿರುವುದನ್ನು ವಿನಯವೆಂದು ಎಲ್ಲರೂ ತಿಳಿದಿದ್ದಾರೆ, ನೀವೂ ಹಾಗೇ ತಿಳಿದಿದ್ದೀರಿ. ನನಗೆ ಅದು ಕನ್ನಡದ ಬರವಣಿಗೆಗೆ ಆಗುತ್ತಿರುವ ನಷ್ಟವಾಗಿ ಕಾಣುತ್ತದೆ.

ನಮ್ಮ ಸಭೆಗಳು ಹೇಗೆ ನಡೆಯುತ್ತವೆಂದು ನಿಮಗೆ ಗೊತ್ತೇ ಇದೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ ಬೆಳಗುವುದು, ಅತಿಥಿಗಳ ಎರಡು ಮಾತು, ಶಾಲು, ಹಾರ, ಹಣ್ಣಿನ ಬುಟ್ಟಿ. ಇವೆಲ್ಲ ಮುಗಿಯುವಷ್ಟರಲ್ಲಿ ಸಂವಾದಕ್ಕೆ ಉಳಿಯುವುದು ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲೂ ಹೆಚ್ಚಿನ ಕಾಲ ಹೋಗುವುದು ಪುಸ್ತಕ ಬಿಚ್ಚದೆಯೇ ಕೇಳಬಹುದಾದ ಪ್ರಶ್ನೆಗಳಿಗೆ. ಯಾವಾಗಿನಿಂದ ಬರೆಯುತ್ತಿದ್ದೀರಿ, ನಿಮಗೆ ಪ್ರೇರಣೆ ಯಾರು, ಇಂದಿನ ಯುವಕರು ಓದುತ್ತಿಲ್ಲವಲ್ಲ ಏನು ಹೇಳುತ್ತೀರಿ, ಹೊಸ ಬರಹಗಾರರಿಗೆ ನಿಮ್ಮ ಕಿವಿಮಾತೇನು. ಇಂಥ ಪ್ರಶ್ನೆಗಳಿಗೆ ಲೇಖಕರ ಬಳಿ ಉತ್ತರ ಮೊದಲೇ ಸಿದ್ಧವಿರುತ್ತದೆ, ಊರೂರಿನಲ್ಲಿ ಹೇಳಿ ಹೇಳಿ ನಾಲಗೆಗೆ ಅಭ್ಯಾಸವಾಗಿರುತ್ತದೆ. ಕೇಳಿದವರಿಗೂ ಹೇಳಿದವರಿಗೂ ಹೊಸದೇನೂ ಸಿಗುವುದಿಲ್ಲ. ಪುಸ್ತಕವನ್ನು ಓದಿದವರಷ್ಟೇ ಕೇಳಬಹುದಾದ ಪ್ರಶ್ನೆ ಬಾಗಿಲ ಬಳಿಯ ಕುರ್ಚಿಯಲ್ಲಿ, ನಿಮ್ಮ ಕೈಚೀಲದ ಜತೆಗೆ ಕೂತಿರುತ್ತದೆ.

ನಮ್ಮಲ್ಲಿ ಓದುವುದು, ಅದರಲ್ಲೂ ಕೇಳಿ ಓದುವುದು, ಇವತ್ತಿನದಲ್ಲ. ಶೂನ್ಯಸಂಪಾದನೆಯನ್ನು ನೆನಪಿಸಿಕೊಳ್ಳಿ. 12ನೆಯ ಶತಮಾನದ ವಚನಗಳು ಹುಟ್ಟಿದ್ದು ಬಿಡಿಬಿಡಿಯಾಗಿ. ಬೇರೆ ಬೇರೆ ಜನ, ಬೇರೆ ಬೇರೆ ಹೊತ್ತಿನಲ್ಲಿ ಆಡಿದ ಮಾತುಗಳು ಅವು. ಅದಾಗಿ ಇನ್ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ಶಿವಗಣಪ್ರಸಾದಿ ಮಹಾದೇವಯ್ಯ ಅವನ್ನು ಓದುತ್ತಾ ಹೋದರು. ಓದುತ್ತಿದ್ದಂತೆ ಒಂದು ವಚನದಲ್ಲಿ ಪ್ರಶ್ನೆ ಕೇಳಿಸಿತು, ಇನ್ನೊಂದರಲ್ಲಿ ಅದಕ್ಕೆ ಉತ್ತರ ಕೇಳಿಸಿತು. ಅವನ್ನು ಎದುರುಬದುರು ಕೂರಿಸಿದರು. ಅಲ್ಲಮ ಕೇಳುತ್ತಾನೆ, ಅಕ್ಕ ಹೇಳುತ್ತಾಳೆ. ಅಲ್ಲಮ ಕೆಣಕುತ್ತಾನೆ, ಸೊನ್ನಲಿಗೆಯಲ್ಲಿ ಕೆರೆಕಟ್ಟೆ ಕಟ್ಟಿಸುತ್ತಿದ್ದ ಸಿದ್ಧರಾಮ ಮೊದಲು ಸಿಟ್ಟಾಗಿ ಆಮೇಲೆ ಯೋಚಿಸುತ್ತಾನೆ. ಮಹಾದೇವಯ್ಯನವರ ನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಮೂವರೂ ಆ ಮಾತುಕತೆಯನ್ನು ತಮ್ಮ ತಮ್ಮ ಓದಿನಂತೆ ಹೊಸದಾಗಿ ಹೆಣೆದರು. ಹೀಗೆ ಕನ್ನಡದ ಒಂದು ದೊಡ್ಡ ಗ್ರಂಥವನ್ನು ನಾಲ್ಕು ಸಲ ಕಟ್ಟಿದವರು ನಾಲ್ವರು ಓದುಗರು. ಕಲ್ಯಾಣಕ್ಕೆ ಬಂದ ಅಕ್ಕನನ್ನು ಅಲ್ಲಮ ಕೇಳುವ ಪ್ರಶ್ನೆಗಳಲ್ಲಿ ಉಪಚಾರವೆಂಬುದು ಎಳ್ಳಷ್ಟೂ ಇಲ್ಲ. ಆ ಪ್ರಶ್ನೆಗಳು ಅಷ್ಟು ಗಟ್ಟಿಯಾಗಿರುವುದರಿಂದಲೇ ಅಕ್ಕನ ಉತ್ತರಗಳು ಆ ಎತ್ತರಕ್ಕೆ ಏರುತ್ತವೆ. ಪ್ರಶ್ನೆ ಕೇಳುವುದು ಅಗೌರವವೆಂದು ನಮಗೆ ಯಾರು ಯಾವಾಗ ಕಲಿಸಿದರೋ ನನಗೆ ತಿಳಿಯದು. ಕಲ್ಯಾಣದಲ್ಲಂತೂ ಕಲಿಸಿದ್ದಲ್ಲ.

ಗಮಕದ ವಾಚನ-ವ್ಯಾಖ್ಯಾನವೂ ಹೀಗೆಯೇ. ಗದುಗಿನ ಭಾರತವನ್ನೋ ಜೈಮಿನಿಯನ್ನೋ ಒಬ್ಬರು ರಾಗವಾಗಿ ಓದುತ್ತಾರೆ, ಪಕ್ಕದಲ್ಲಿ ಕೂತವರು ಅರ್ಥ ಬಿಡಿಸುತ್ತಾರೆ. ಕೇಳಲು ಬಂದವರಲ್ಲಿ ಅಕ್ಷರ ಬಾರದ ಅಜ್ಜಿಯೂ ಇರುತ್ತಿದ್ದಳು, ಹೊಲದಿಂದ ಕೈಕಾಲು ತೊಳೆದು ನೇರ ಬಂದವನೂ ಇರುತ್ತಿದ್ದ. ಕುಂತಿ ಗುಟ್ಟು ಬಿಟ್ಟುಕೊಡಲು ಅಷ್ಟು ವರ್ಷ ಯಾಕೆ ಕಾದಳು, ಸಭೆಯಲ್ಲಿ ಅಂಥ ಅನ್ಯಾಯವಾಗುವಾಗ ಭೀಷ್ಮ ಯಾಕೆ ಸುಮ್ಮನಿದ್ದ ಎಂದು ಜಗಲಿಯ ಮೇಲೆ ಜಗಳವೇ ಆಗುತ್ತಿತ್ತು. ಆ ಪ್ರಶ್ನೆ ಕೇಳಲು ಯಾರೂ ಕುಮಾರವ್ಯಾಸನ ಬಗ್ಗೆ ಪ್ರಬಂಧ ಬರೆದಿರಬೇಕಾಗಿರಲಿಲ್ಲ. ಕತೆ ಕೇಳಿದ್ದರೆ ಸಾಕಿತ್ತು.

ಓದಿದವರೊಬ್ಬರು ಆಡಿದ ಒಂದು ಮಾತಿನಿಂದ ಏನಾಗಬಹುದು ಎಂಬುದಕ್ಕೆ ಹತ್ತಿರದ ಕಾಲದ ಉದಾಹರಣೆಗಳೂ ಇವೆ. ಧಾರವಾಡದ ಮನೋಹರ ಗ್ರಂಥಮಾಲೆಯನ್ನು 1933ರಲ್ಲಿ ಶುರು ಮಾಡಿದವರು ಜಿ. ಬಿ. ಜೋಶಿ, ‘ಜಡಭರತ’ ಎಂದು ನಾಟಕ ಬರೆದವರು. ಚಂದಾದಾರರಿಂದ ವರ್ಷಕ್ಕಿಷ್ಟು ಎಂದು ಹಣ ಪಡೆದು ಪುಸ್ತಕ ಕಳಿಸುವ ಏರ್ಪಾಡು ಅದು. ಅಲ್ಲಿನ ಮಹಡಿಗೆ ಎಲ್ಲರೂ ಕರೆಯುವುದು ‘ಅಟ್ಟ’ ಎಂದು. ಧಾರವಾಡಕ್ಕೆ ಬಂದ ಬರಹಗಾರರು ಅಟ್ಟ ಹತ್ತದೆ ಹೋಗುತ್ತಿದ್ದುದು ಕಡಿಮೆ. ಗ್ರಂಥಮಾಲೆಯ ಸಾಹಿತ್ಯ ಸಲಹೆಗಾರರಾಗಿದ್ದ ಕೀರ್ತಿನಾಥ ಕುರ್ತಕೋಟಿ ಬರೆದದ್ದಕ್ಕಿಂತ ಹೆಚ್ಚು ಮಾತಾಡಿದವರು. ಅವರ ಮಾತು ಕೇಳಿ ಬರೆದವರು ಬಹಳ ಜನ. ಇತಿಹಾಸವನ್ನು ಇವತ್ತಿನ ಕಣ್ಣಿನಿಂದ, ಗಂಭೀರವಾಗಿ ನೋಡುವ ನಾಟಕ ನಮ್ಮಲ್ಲಿ ಇಲ್ಲ ಎಂಬ ಕುರ್ತಕೋಟಿಯವರ ಆಕ್ಷೇಪ ಗಿರೀಶ ಕಾರ್ನಾಡರ ತಲೆಯಲ್ಲಿ ಕೂತುಬಿಟ್ಟಿತು. ಅವರು ಇತಿಹಾಸದ ಪುಸ್ತಕಗಳನ್ನು ಹುಡುಕಿ ಓದತೊಡಗಿದರು. 1964ರಲ್ಲಿ ‘ತುಘಲಕ್’ ಬಂತು. ಓದುವವನೊಬ್ಬನು ‘ನನಗೆ ಇಂಥದ್ದು ಬೇಕಿತ್ತು, ಸಿಗಲಿಲ್ಲ’ ಎಂದದ್ದಕ್ಕೆ ಬಂದ ಉತ್ತರ ಆ ನಾಟಕ.

ಮರುವರ್ಷವೇ ಅದೇ ಗ್ರಂಥಮಾಲೆಯಿಂದ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಬಂತು. ಅದರ ಹಿಂದೆಯೂ ಒಂದು ಮಾತುಕತೆ ಇದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆಗೆಂದು ಇದ್ದಾಗ ಅವರು ತಮ್ಮ ಮೇಷ್ಟ್ರು, ಕಾದಂಬರಿಕಾರ ಮಾಲ್ಕಂ ಬ್ರಾಡ್‌ಬರಿಯವರ ಜತೆ ಇಂಗ್ಮರ್ ಬರ್ಗ್‌ಮನ್ನರ ‘ದಿ ಸೆವೆಂತ್ ಸೀಲ್’ ಸಿನಿಮಾಕ್ಕೆ ಹೋದರು. ಸಿನಿಮಾ ಮುಗಿದ ಮೇಲೆ ಮಾತು ಬೆಳೆಯಿತು. ಯುರೋಪಿನವರು ಪಾಂಡಿತ್ಯದಿಂದ ಕಟ್ಟಿಕೊಳ್ಳಬೇಕಾದ ಮಧ್ಯಯುಗ, ಮಲೆನಾಡಿನ ಅಗ್ರಹಾರದಿಂದ ಬಂದವನಿಗೆ ಕಣ್ಣೆದುರಿನ ಬದುಕಾಗಿಯೇ ಇತ್ತು ಎಂಬುದು ಆ ಮಾತಿನಲ್ಲಿ ಹೊಳೆಯಿತು. ಕೆಲವೇ ದಿನಗಳಲ್ಲಿ ಅವರು ಬರೆಯಲು ಕೂತರು. ಬ್ರಾಡ್‌ಬರಿಯವರಿಗೆ ಕನ್ನಡ ಬರುತ್ತಿರಲಿಲ್ಲ, ಅಗ್ರಹಾರ ನೋಡಿರಲಿಲ್ಲ. ಅವರು ಮಾಡಿದ್ದು ಇಷ್ಟೇ: ಮನಸ್ಸಿಟ್ಟು ಕೇಳಿದರು, ಬರೆಯಿರಿ ಎಂದರು.

ಇವರೆಲ್ಲ ದೊಡ್ಡವರು, ಅವರವರ ನಡುವಿನ ಮಾತು ಅದು, ನಾವು ಬಾಯಿ ಹಾಕುವುದು ಹೇಗೆ ಎಂದು ನೀವು ಕೇಳಬಹುದು. ಹಾಗಿದ್ದರೆ ಇನ್ನೊಂದು ಘಟನೆ ಹೇಳುತ್ತೇನೆ. ಇದು ಹಿತವಾದ ಘಟನೆಯಲ್ಲ.

1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದರು. ಅವರಾಗ ದೇವರಾಜ ಅರಸು ಸಂಪುಟದಲ್ಲಿ ಸಚಿವರು, ವೇದಿಕೆಯ ಮೇಲೆಯೇ ಇದ್ದವರು. ಆದರೆ ಅವರು ಆಡಿದ ಮಾತು ಮಾತ್ರ ವೇದಿಕೆಗೆ ಯಾವತ್ತೂ ಹತ್ತಿಸದ ಓದುಗನದು. ಇಷ್ಟು ಪುಸ್ತಕಗಳಿವೆ, ಇದರಲ್ಲಿ ನನ್ನ ಕೇರಿ ಎಲ್ಲಿದೆ, ನನ್ನವ್ವ ಎಲ್ಲಿದ್ದಾಳೆ ಎಂಬ ಪ್ರಶ್ನೆ ಅದರೊಳಗಿತ್ತು. ಊರೂರಲ್ಲಿ ಗಲಭೆಯಾಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪ ಸಚಿವ ಸ್ಥಾನ ಬಿಡಬೇಕಾಯಿತು. ಓದುಗನೊಬ್ಬನ ಅಭಿಪ್ರಾಯಕ್ಕೆ ಕನ್ನಡ ನಾಡು ವಿಧಿಸಿದ ಅತಿ ದೊಡ್ಡ ದಂಡ ಅದು. ಆದರೂ ಪ್ರಶ್ನೆ ಅಳಿಸಿಹೋಗಲಿಲ್ಲ. ಅದೇ ವರ್ಷ ದೇವನೂರ ಮಹಾದೇವರ ‘ದ್ಯಾವನೂರು’ ಕತೆಗಳು ಬಂದಿದ್ದವು. 1975ರಲ್ಲಿ ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ದಲಿತ ಸಂಘರ್ಷ ಸಮಿತಿ ಹುಟ್ಟಿ, ಹಳ್ಳಿಗಳಲ್ಲಿ ಹಾಡಿನ ಮೂಲಕ ಕವಿತೆ ನಡೆದಾಡಿತು. 1979ರ ಧರ್ಮಸ್ಥಳ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಪ್ರತ್ಯೇಕ ಗೋಷ್ಠಿ ಇರಲಿ ಎಂದು ಕೇಳಿದವರಿಗೆ ಅದು ಸಿಗಲಿಲ್ಲ. ಅದೇ ವರ್ಷ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು.

ಆ ಬಂಡಾಯದ ಗಾಳಿಯಲ್ಲಿ ಬರೆಯತೊಡಗಿದವರಲ್ಲಿ ಹಾಸನದ ಬಾನು ಮುಷ್ತಾಕ್ ಒಬ್ಬರು. ಪತ್ರಕರ್ತೆಯಾಗಿ, ವಕೀಲೆಯಾಗಿ ತಾವು ಕಂಡ ಹೆಣ್ಣುಮಕ್ಕಳ ಬದುಕನ್ನು ಕತೆ ಮಾಡಿದರು. 2025ರ ಮೇ 20ರಂದು ಲಂಡನ್ನಿನಲ್ಲಿ ಅವರ ಹನ್ನೆರಡು ಕತೆಗಳ ಇಂಗ್ಲಿಷ್ ಸಂಕಲನ ‘ಹಾರ್ಟ್ ಲ್ಯಾಂಪ್’ಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ, ಕತೆಗಳನ್ನು ಆಯ್ದು ಅನುವಾದಿಸಿದ ಮಡಿಕೇರಿಯ ದೀಪಾ ಭಾಸ್ತಿಯವರೂ ಅದರಲ್ಲಿ ಸರಿಸಮ ಪಾಲುದಾರರಾದರು. ಸಣ್ಣಕತೆಗಳ ಸಂಕಲನವೊಂದಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು, ಕನ್ನಡಕ್ಕೂ ಅದೇ ಮೊದಲು. 1973ರ ಸಭೆಯಿಂದ ಲಂಡನ್ನಿಗೆ ನೇರ ದಾರಿ ಇತ್ತೆಂದು ನಾನು ಹೇಳುತ್ತಿಲ್ಲ. ಆದರೆ ಯಾರ ಬದುಕು ಪುಸ್ತಕಕ್ಕೆ ಬರಬೇಕು ಎಂದು ಜಗಳ ತೆಗೆದವರು ಇಲ್ಲದಿದ್ದರೆ, ಆ ಕತೆಗಳಿಗೆ ಬರೆಯುವ ಧೈರ್ಯವೂ ಅಚ್ಚು ಮಾಡುವ ಪತ್ರಿಕೆಯೂ ಓದುವ ಜನವೂ ಇಷ್ಟು ಸುಲಭದಲ್ಲಿ ಸಿಗುತ್ತಿರಲಿಲ್ಲ.

ಪ್ರಶಸ್ತಿ ಬಂದ ಮೇಲಿನ ತಿಂಗಳುಗಳಲ್ಲಿ ನಾಡಿನಲ್ಲಿ ನಡೆದ ಮಾತುಗಳನ್ನು ಗಮನಿಸಿದವರಿಗೆ ಒಂದು ವಿಷಯ ತಿಳಿದಿರಬೇಕು. ಪ್ರಶಸ್ತಿ ಘೋಷಣೆಯಾದಾಗ ಏನನಿಸಿತು ಎಂದು ಕೇಳಿದವರು ಬಹಳ. ಬಾನು ಮುಷ್ತಾಕರ ಸಮುದಾಯ, ಅವರ ಉಡುಪು, ಅವರು ಎಲ್ಲಿಗೆ ಹೋಗಬೇಕು ಎಲ್ಲಿಗೆ ಹೋಗಬಾರದು ಎಂಬುದರ ಮೇಲೂ ಬಹಳ ಮಾತು ಹರಿಯಿತು. ‘ಕರಿನಾಗರಗಳು’ ಕತೆಯ ಬಗ್ಗೆ ಕೇಳಿದವರು ಎಷ್ಟು ಜನ? ಹೆಣ್ಣು ಹೆತ್ತಳೆಂದು ಗಂಡ ಬಿಟ್ಟ ಹೆಂಗಸು, ಕಾಯಿಲೆಯ ಕೂಸನ್ನು ಕಟ್ಟಿಕೊಂಡು ಮಸೀದಿಯ ಮುತವಲ್ಲಿಯ ಎದುರು ನ್ಯಾಯಕ್ಕಾಗಿ ಕಾಯುವ ಕತೆ ಅದು. 2004ರಲ್ಲಿ ಗಿರೀಶ ಕಾಸರವಳ್ಳಿಯವರು ಅದನ್ನು ‘ಹಸೀನಾ’ ಸಿನಿಮಾ ಮಾಡಿದರು. ಜಮಾತಿನ ಎದುರೋ ಪಂಚಾಯಿತಿ ಕಟ್ಟೆಯ ಎದುರೋ ಕೋರ್ಟಿನ ವರಾಂಡದಲ್ಲೋ ಹಾಗೆ ಕಾದು ಕೂತವರು ಇವತ್ತಿನ ಸಭೆಗಳ ಹಿಂದಿನ ಸಾಲಿನಲ್ಲಿ ಇಲ್ಲವೇ? ಇದ್ದಾರೆ. ಆ ಕತೆಯಲ್ಲಿ ಯಾವುದು ನಿಜ, ಯಾವುದು ಇನ್ನೂ ಹೇಳದೆ ಉಳಿದಿದೆ ಎಂದು ಕೇಳಬಲ್ಲವರು ಅವರು. ಆ ಪ್ರಶ್ನೆ ಬಂದಿದ್ದರೆ ಬಾನು ಮುಷ್ತಾಕರಿಗೂ ಸಂತೋಷವಾಗುತ್ತಿತ್ತೆಂದೇ ನಾನು ನಂಬುತ್ತೇನೆ; ಕತೆ ಬರೆದವರಿಗೆ ಕತೆಯ ಮಾತು ಬೇಕಿರುತ್ತದೆ.

ನಿಮಗೆ ಗೊತ್ತಿರುವುದು ವಿಮರ್ಶಕರಿಗೆ ಗೊತ್ತಿರುವುದಿಲ್ಲ. ಇದನ್ನು ಮುಖಸ್ತುತಿಗೆ ಹೇಳುತ್ತಿಲ್ಲ. ದೇವನೂರ ಮಹಾದೇವರ ‘ಕುಸುಮಬಾಲೆ’ 1984ರಲ್ಲಿ ಬಂದಾಗ ಎಷ್ಟೋ ಜನ ಓದುಬಲ್ಲವರೇ ಅರ್ಥವಾಗುವುದಿಲ್ಲ ಎಂದು ಕೆಳಗಿಟ್ಟರು. ಅದು ನಂಜನಗೂಡು, ಚಾಮರಾಜನಗರದ ಕಡೆಯ ಮಾತಿನಲ್ಲಿದೆ. ಆ ಸೀಮೆಯಲ್ಲಿ ಹುಟ್ಟಿ, ಅಜ್ಜಿಯ ಬಾಯಲ್ಲಿ ಕತೆ ಕೇಳಿ ಬೆಳೆದವರಿಗೆ ಅಲ್ಲಿ ಮಂಚ ಮಾತಾಡುವುದೂ ಜೋತಮ್ಮಂದಿರು ಸೇರಿ ಹರಟುವುದೂ ಒಗಟಾಗುವುದಿಲ್ಲ, ಅದು ಮನೆಯ ಮಾತು. ಅಂಥವರೊಬ್ಬರು ಎದ್ದು ನಿಂತು ಒಂದು ಪುಟ ಗಟ್ಟಿಯಾಗಿ ಓದಿದರೆ ಇಡೀ ಸಭೆಗೆ ಆ ಪುಸ್ತಕ ಬಾಗಿಲು ತೆರೆಯುತ್ತದೆ. ಹಾಗೆಯೇ ಮೂಡಿಗೆರೆಯ ತೋಟದಲ್ಲಿ ಕೆಲಸ ಮಾಡಿದವರಿಗೆ ತೇಜಸ್ವಿಯವರ ‘ಕರ್ವಾಲೊ’ದ ಮಂದಣ್ಣ ಪಾತ್ರವೆನಿಸುವುದಿಲ್ಲ, ಪಕ್ಕದ ಮನೆಯವನೆನಿಸುತ್ತಾನೆ. ಅವರು ಆ ಕಾಡಿನ ಬಗ್ಗೆ ಒಂದು ಮಾತು ಸೇರಿಸಿದರೆ ಓದು ಬೆಳೆಯುತ್ತದೆ. ಕಲಬುರಗಿಯ, ಕುಂದಾಪುರದ, ಕೋಲಾರದ ಮಾತಿನಲ್ಲೇ ಕೇಳಿ. ಸಭೆಯ ಭಾಷೆ ಎಂದು ಬೇರೆ ಭಾಷೆಯೊಂದನ್ನು ಹುಡುಕುತ್ತಾ ಕೂತರೆ ಪ್ರಶ್ನೆ ಗಂಟಲಲ್ಲೇ ಒಣಗುತ್ತದೆ.

ಹೆಣ್ಣುಮಕ್ಕಳಿಗೆ ಒಂದೆರಡು ಮಾತು ಹೆಚ್ಚಾಗಿಯೇ ಹೇಳಬೇಕು. ಸರ್ಕ್ಯುಲೇಟಿಂಗ್ ಲೈಬ್ರರಿಗಳ ಕಾಲದಲ್ಲಿ ಕನ್ನಡ ಕಾದಂಬರಿಯನ್ನು ಬದುಕಿಸಿದವರು ನೀವು, ನಿಮ್ಮ ಅಮ್ಮಂದಿರು. ದಿನಕ್ಕಿಷ್ಟು ಪೈಸೆ ಬಾಡಿಗೆ ಕೊಟ್ಟು, ಅಡುಗೆಮನೆಯ ಕೆಲಸ ಮುಗಿಸಿ, ಮಧ್ಯಾಹ್ನದ ಎರಡು ಗಂಟೆ ತ್ರಿವೇಣಿಯವರನ್ನು, ಎಂ. ಕೆ. ಇಂದಿರಾ ಅವರನ್ನು ಓದಿದಿರಿ. ವಾರಪತ್ರಿಕೆಯ ಧಾರಾವಾಹಿಯ ಮುಂದಿನ ಕಂತಿಗೆ ಕಾದಿರಿ, ಸಂಪಾದಕರಿಗೆ ಕಾಗದ ಬರೆದಿರಿ. ಆ ಓದನ್ನೂ ಆ ಬರವಣಿಗೆಯನ್ನೂ ಅಡುಗೆಮನೆ ಸಾಹಿತ್ಯವೆಂದು ಪಕ್ಕಕ್ಕೆ ಸರಿಸಿದವರು ಇದ್ದರು. ಇಂದಿರಾ ಅವರು ಕಾದಂಬರಿ ಬರೆಯತೊಡಗಿದಾಗ ಅವರಿಗೆ ನಲವತ್ತು ದಾಟಿತ್ತು. ‘ಫಣಿಯಮ್ಮ’ ಹುಟ್ಟಿದ್ದು ಮನೆಯೊಳಗೆ ಹೆಂಗಸರ ನಡುವೆ ನಡೆದ ಮಾತಿನಿಂದ: ಬಾಲ್ಯದಲ್ಲೇ ವಿಧವೆಯಾದ ಹಿರಿಯಳೊಬ್ಬಳ ಬದುಕನ್ನು ಅವರ ತಾಯಿ ಹೇಳಿದರು, ಮಗಳು ಕೇಳಿಸಿಕೊಂಡಳು, ಎಷ್ಟೋ ವರ್ಷ ಬಿಟ್ಟು ಬರೆದಳು. ಅಂಥ ಮಾತಿನ ದೊಡ್ಡ ಗಂಟು ನಿಮ್ಮಲ್ಲಿ ಈಗಲೂ ಇದೆ. ಸಂವಾದಗಳಲ್ಲಿ ಮೈಕು ಹೆಚ್ಚು ಹೊತ್ತು ಗಂಡಸರ ಕೈಯಲ್ಲೇ ಇರುತ್ತದೆ, ಅದನ್ನು ಕಣ್ಣಾರೆ ಕಂಡಿದ್ದೇನೆ. ಕೇಳಿ ಪಡೆದುಕೊಳ್ಳಿ.

ಲೇಖಕರ ಕಡೆಯಿಂದಲೂ ಸ್ವಲ್ಪ ನೋಡಿ. ಸಾವಿರ ಪ್ರತಿ ಅಚ್ಚಾಗುತ್ತದೆ. ಒಂದು ಪಾಲು ಗ್ರಂಥಾಲಯಗಳ ಖರೀದಿಗೆ ಹೋಗುತ್ತದೆ. ನಾವು ಕಟ್ಟುವ ಆಸ್ತಿ ತೆರಿಗೆಯ ಜತೆ ನೂರಕ್ಕೆ ಆರರಂತೆ ಗ್ರಂಥಾಲಯ ಕರವೂ ಸೇರಿರುತ್ತದೆ, 1965ರ ಕಾಯಿದೆಯಿಂದ ಬಂದ ಏರ್ಪಾಡು ಅದು. ಹೀಗೆ ಕಪಾಟು ಸೇರಿದ ಪುಸ್ತಕವನ್ನು ಯಾರು ತೆಗೆದರು, ಯಾವ ಪುಟದಲ್ಲಿ ನಿಲ್ಲಿಸಿದರು, ಯಾರಿಗೆ ಹೇಳಿದರು, ಬರೆದವರಿಗೆ ಗೊತ್ತೇ ಆಗುವುದಿಲ್ಲ. ಹಿಂದೆ ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರಿಂದೂರಿಗೆ ತಿರುಗಿ ಮಾರಿದರು. ಕಷ್ಟದ ಕೆಲಸ, ಆದರೆ ಕೊಂಡವರ ಮುಖ ಅವರಿಗೆ ಕಾಣುತ್ತಿತ್ತು, ಮುಂದಿನ ಸಲ ಹೋದಾಗ ಓದಿದವರ ಮಾತೂ ಕಿವಿಗೆ ಬೀಳುತ್ತಿತ್ತು. ಈಗ ಬರೆಯುವವರಿಗೆ ಸಿಗುವುದು ಬಿಡುಗಡೆಯ ದಿನದ ಹೊಗಳಿಕೆ, ಆಮೇಲೆ ದೀರ್ಘ ಮೌನ. ಆ ಮೌನದಲ್ಲಿ ಎರಡನೆಯ ಪುಸ್ತಕ ಬರೆಯುವುದು ಬಹಳ ಕಷ್ಟ. ಒಳ್ಳೆಯ ಕತೆಗಾರರು ಒಂದೇ ಸಂಕಲನಕ್ಕೆ ಕೈಬಿಟ್ಟದ್ದನ್ನು ಕಂಡಾಗಲೆಲ್ಲ, ಇವರಿಗೆ ಯಾರಾದರೂ ಒಬ್ಬರು ಒಂದು ನಿಜವಾದ ಪ್ರಶ್ನೆ ಕೇಳಿದ್ದರೆ ಎಂದು ನನಗೆ ಅನಿಸಿದೆ.

ಹಾಗಾದರೆ ಏನು ಕೇಳಬೇಕು? ಪುಸ್ತಕ ಓದುವಾಗ ನಿಮ್ಮ ಓದು ಎಲ್ಲಿ ಎಡವಿತೋ ಅಲ್ಲಿಂದ ಶುರು ಮಾಡಿ. ಯಾವುದೋ ಸಾಲಿಗೆ ಬಂದು ಪುಸ್ತಕ ಮುಚ್ಚಿ ಕಿಟಕಿಯಾಚೆ ನೋಡಿದ್ದೀರಿ. ಆ ಸಾಲು ಯಾವುದು? ಯಾವುದೋ ಪಾತ್ರ ಅರ್ಧದಲ್ಲಿ ಕಾಣೆಯಾಯಿತು. ಅವನು ಎಲ್ಲಿ ಹೋದ? ಊಟದ ವರ್ಣನೆ ಇದೆ, ಅಡುಗೆ ಮಾಡಿದವಳ ಮಾತೇ ಇಲ್ಲ, ಯಾಕೆ? ನಿಮ್ಮೂರ ಜಾತ್ರೆಯ ಬಗ್ಗೆ ಬರೆದದ್ದು ತಪ್ಪಾಗಿದೆ ಎನಿಸಿದರೆ ಅದನ್ನೂ ಹೇಳಿ. ಪುಟದ ಸಂಖ್ಯೆ ಹೇಳಿ, ಆ ಎರಡು ಸಾಲು ಓದಿ, ಆಮೇಲೆ ಕೇಳಿ. ಹೀಗೆ ಮಾಡಿದರೆ ಲೇಖಕರು ಎಷ್ಟೇ ದೊಡ್ಡವರಿರಲಿ, ಅವರ ಮುಖ ಬದಲಾಗುವುದನ್ನು ನೀವು ನೋಡುತ್ತೀರಿ. ಬಾಯಿಪಾಠವಾದ ಉತ್ತರ ಅಲ್ಲಿ ನಡೆಯುವುದಿಲ್ಲ. ಅವರೂ ತಮ್ಮ ಪುಸ್ತಕವನ್ನು ನಿಮ್ಮ ಕಣ್ಣಿನಿಂದ ಇನ್ನೊಮ್ಮೆ ನೋಡಬೇಕಾಗುತ್ತದೆ. ‘ಹೌದು, ಅದನ್ನು ನಾನು ಯೋಚಿಸಿರಲಿಲ್ಲ’ ಎಂದು ಹಿರಿಯ ಕಾದಂಬರಿಕಾರರೊಬ್ಬರು ತಾಲ್ಲೂಕು ಕೇಂದ್ರದ ಸಭೆಯೊಂದರಲ್ಲಿ ಹೇಳಿದ್ದನ್ನು ನಾನು ಕೇಳಿದ್ದೇನೆ. ಪ್ರಶ್ನೆ ಕೇಳಿದವರು ಆಸ್ಪತ್ರೆಯಲ್ಲಿ ಕೆಲಸ ಮಾಡುವ ಹೆಣ್ಣುಮಗಳು. ಕಾದಂಬರಿಯಲ್ಲಿ ಸಾಯುತ್ತಿರುವ ಮನುಷ್ಯ ಅಷ್ಟುದ್ದ ಮಾತಾಡುತ್ತಾನಲ್ಲ, ನಾನು ಕಂಡವರು ಯಾರೂ ಹಾಗೆ ಮಾತಾಡಿಲ್ಲ, ನೀರು ಕೇಳುತ್ತಾರೆ ಅಷ್ಟೆ ಎಂದರು ಆಕೆ. ಆ ಸಂಜೆ ಅಲ್ಲಿ ಆದ ಭಾಷಣಗಳಲ್ಲಿ ಒಂದೂ ನನಗೆ ನೆನಪಿಲ್ಲ.

ಪ್ರಶ್ನೆ ಚಿಕ್ಕದಿರಲಿ. ಇದೊಂದು ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ, ಯಾಕೆಂದರೆ ಪ್ರಶ್ನೆಯ ಹೆಸರಿನಲ್ಲಿ ಭಾಷಣ ಮಾಡುವವರು ನಿಮ್ಮ ಸರದಿಯನ್ನು ತಿನ್ನುತ್ತಾರೆ. ಒಪ್ಪಿಗೆಯಾಗದಿದ್ದರೆ ಒಪ್ಪಿಗೆಯಾಗಲಿಲ್ಲ ಎಂದೇ ಹೇಳಿ. ಲೇಖಕರು ಸಿಡುಕಿದರೆ ಬೇಸರ ಮಾಡಿಕೊಳ್ಳಬೇಡಿ, ಮನೆಗೆ ಹೋದ ಮೇಲೆ ಅವರು ಅದನ್ನೇ ಯೋಚಿಸುತ್ತಾರೆ. ಆದರೆ ಪುಸ್ತಕ ಓದದೆ, ಯಾರೋ ಕಳಿಸಿದ ಒಂದು ತುಣುಕನ್ನು ಫೋನಿನಲ್ಲಿ ನೋಡಿ ಬಂದು ಕೂಗಾಡುವವರ ಜತೆ ಸೇರಬೇಡಿ. ಅದು ಈಚೆಗೆ ಹೆಚ್ಚಾಗಿದೆ, ನನಗೆ ಆತಂಕ ತಂದಿದೆ. ಓದಿ ಜಗಳವಾಡುವವರನ್ನು ಸಾಹಿತ್ಯ ಬದುಕಿಸಿಕೊಂಡು ಬಂದಿದೆ, ಅವರಿಂದ ತಾನೂ ಬದುಕಿದೆ. ಓದದ ಜಗಳದಿಂದ ಬರೆಯುವವರ ಕೈ ನಡುಗುತ್ತದೆ, ಬೇರೇನೂ ಆಗುವುದಿಲ್ಲ.

ಸಭೆ ನಡೆಸುವವರು ಈ ಪತ್ರ ನೋಡಿದರೆ ಅವರಿಗೂ ಒಂದು ಬಿನ್ನಹ. ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರು ಕಟ್ಟಿದ ನೀನಾಸಮ್‌ನ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ನಾಟಕ ನೋಡುತ್ತಾರೆ, ಮರುದಿನ ಬೆಳಗ್ಗೆ ಅದೇ ನಾಟಕದ ಬಗ್ಗೆ ಎಲ್ಲರೂ ಕೂತು ಮಾತಾಡುತ್ತಾರೆ. ಅಡಿಕೆ ತೋಟದವರು, ಶಾಲೆಯ ಮೇಷ್ಟ್ರು, ಬೆಂಗಳೂರಿನ ಹುಡುಗ, ಹೆಸರಾಂತ ವಿದ್ವಾಂಸರು ಎಲ್ಲರೂ ನೋಡಿದ್ದು ಒಂದೇ ನಾಟಕ, ಆದ್ದರಿಂದ ಯಾರ ಮಾತೂ ಮೇಲಲ್ಲ ಕೆಳಗಲ್ಲ. ಪುಸ್ತಕದ ಸಂವಾದಕ್ಕೂ ಇಂಥದ್ದೊಂದು ತಯಾರಿ ಬೇಕು. ಲೇಖಕರು ಬರುವ ಹದಿನೈದು ದಿನ ಮೊದಲು ನಾಲ್ಕೈದು ಪ್ರತಿಗಳನ್ನು ಊರಿನ ಗ್ರಂಥಾಲಯದಲ್ಲಿ ಇಡಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಸಂಜೆ ಅಲ್ಲಿ ಕೂರಲು ಜಾಗವಿದೆ. ಹತ್ತು ಜನ ಮೊದಲೇ ಸೇರಿ ಓದಿ ಮಾತಾಡಿಕೊಂಡಿರಲಿ. ಸಭೆ ಶುರುವಾಗುವಾಗ ಸ್ವಾಗತ ಭಾಷಣದ ಬದಲು ಪುಸ್ತಕದ ಎರಡು ಪುಟವನ್ನು ಯಾರಾದರೂ ಗಟ್ಟಿಯಾಗಿ ಓದಲಿ. ಮೈಕು ಹಿಂದಿನ ಸಾಲಿನಿಂದ ಮುಂದಕ್ಕೆ ಬರಲಿ. ಶಾಲು ಹಾರಗಳನ್ನು ಕಡೆಗೆ ಇಟ್ಟುಕೊಂಡರೆ ಯಾರ ಗೌರವಕ್ಕೂ ಕುಂದಿಲ್ಲ.

ನಿಮಗೆ, ಓದುಗರೆ, ಇನ್ನೊಂದೇ ಮಾತು. ಅಷ್ಟೆಲ್ಲ ಆದರೂ ಸಭೆಯಲ್ಲಿ ಎದ್ದು ನಿಲ್ಲುವುದು ಕೆಲವರ ಸ್ವಭಾವಕ್ಕೆ ಒಗ್ಗುವುದಿಲ್ಲ. ಹಾಗಿದ್ದರೆ ಕಾಗದ ಬರೆಯಿರಿ. ಎಷ್ಟೋ ಪುಸ್ತಕಗಳಲ್ಲಿ ಹೆಸರಿನ ಪುಟದ ಹಿಂದೆ ಲೇಖಕರ ವಿಳಾಸ ಇರುತ್ತದೆ, ಇಲ್ಲದಿದ್ದರೆ ಪ್ರಕಾಶಕರದ್ದಾದರೂ ಇರುತ್ತದೆ. ಚೆನ್ನಾಗಿದೆ ಎಂದಷ್ಟೇ ಬರೆದು ನಿಲ್ಲಿಸಬೇಡಿ. ಪುಸ್ತಕವನ್ನು ಎಲ್ಲಿ ಕೂತು ಓದಿದಿರಿ, ಯಾವ ಪುಟದಲ್ಲಿ ನಿಂತಿರಿ, ಯಾವುದಕ್ಕೆ ಒಪ್ಪಲಿಲ್ಲ, ಮನೆಯಲ್ಲಿ ಯಾರಿಗೆ ಓದಿ ಹೇಳಿದಿರಿ, ಅವರು ಏನೆಂದರು, ಇಷ್ಟನ್ನು ಬರೆಯಿರಿ. ಕೆಳಗೆ ನಿಮ್ಮ ವಿಳಾಸವನ್ನೂ ಬರೆಯಲು ಮರೆಯಬೇಡಿ, ಉತ್ತರ ಬರೆಯಲು ಅವರಿಗೆ ಬೇಕಾಗುತ್ತದೆ.

ಇಂತಿ,
ನಿಮ್ಮ ಜತೆಯ ಓದುಗ